ಎರಡು ಬೀಗದ ಕಪಾಟು

ಜೂನ್ ೩, ಸೋಮವಾರ

ಈ ಡೈರಿ ಕಚೇರಿಯದು. ಜನವರಿಯಲ್ಲಿ ಎಲ್ಲರಿಗೂ ಒಂದೊಂದು ಹಂಚಿದ್ದರು. ನನ್ನದು ಐದು ತಿಂಗಳಿನಿಂದ ಮೇಜಿನ ಮೋಟುಗಾಲಿಗೆ ಒತ್ತಾಗಿ ಸರ್ಕಾರಿ ಸೇವೆ ಸಲ್ಲಿಸುತ್ತಿತ್ತು. ಇವತ್ತು ಎಳೆದುಕೊಂಡೆ. ಮೇಜು ಅಲುಗಾಡುತ್ತಿದೆ. ಆದರೆ ಊಟದ ವಿರಾಮದಲ್ಲಿ ಬರೆಯುವುದು ಬಿಟ್ಟರೆ ಇನ್ನು ಮಾಡಲು ಬೇರೇನಿದೆ? ಫೋನಂತೂ ಕೈಯಲ್ಲಿಲ್ಲ.

ಹೊಸ ಸುತ್ತೋಲೆ ಜಾರಿಗೆ ಬಂತು. ಸಿಬ್ಬಂದಿ ತಮ್ಮ ಮೊಬೈಲನ್ನು ಬೆಳಿಗ್ಗೆ ಹತ್ತಕ್ಕೆ ಒಪ್ಪಿಸಿ ಸಂಜೆ ಐದೂವರೆಗೆ ಪಡೆಯತಕ್ಕದ್ದು. ಅಲ್ಲಿಯವರೆಗೆ ಅವು 'ಸುರಕ್ಷಿತ ಸ್ಥಳ'ದಲ್ಲಿ ಇರತಕ್ಕದ್ದು. ಇದರ ನೋಡಲ್ ಅಧಿಕಾರಿ ನಾನು. ಸೂಪರಿಂಟೆಂಡೆಂಟ್ ಎಂಬ ಹುದ್ದೆಗೆ ಹೆಸರು ಉದ್ದ, ಅಧಿಕಾರ ಗಿಡ್ಡ. ಮೂವತ್ತನಾಲ್ಕು ವರ್ಷದಲ್ಲಿ 'ಅಧಿಕಾರಿ' ಎಂಬ ಮಾತು ನನ್ನ ಪಕ್ಕ ಬಂದು ಕೂತದ್ದು ಇದೇ ಮೊದಲು. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ನನ್ನ ಸೇವಾ ಪುಸ್ತಕದಲ್ಲಿ ಒಂದೇ ಒಂದು ಮೆಮೊ ಇಲ್ಲ. ಈ ಕೆಲಸವನ್ನೂ ಹಾಗೇ ದಡ ಮುಟ್ಟಿಸಬೇಕು.

ಸುರಕ್ಷಿತ ಸ್ಥಳ ಯಾವುದು ಎಂದು ಸಾಹೇಬರು ತಲೆ ಕೆರೆದುಕೊಳ್ಳುತ್ತಿದ್ದಾಗ ಎರಡು ಬೀಗದ ಕಪಾಟನ್ನು ತೋರಿಸಿದವನು ನಾನೇ. ಹಿಂದೆ ಛಾಪಾ ಕಾಗದ ಇಡುತ್ತಿದ್ದ ಕಬ್ಬಿಣದ ಕಪಾಟು. ಒಂದು ಬೀಗದಕೈ ಸಾಹೇಬರ ಹತ್ತಿರ, ಇನ್ನೊಂದು ನನ್ನ ಹತ್ತಿರ. ಒಬ್ಬನೇ ತೆಗೆದರೆ ಅದು ಕಳ್ಳತನ, ಇಬ್ಬರು ಸೇರಿ ತೆಗೆದರೆ ಅದು ಕ್ರಮಬದ್ಧ. ಹನ್ನೆರಡು ಫೋನು, ಹನ್ನೆರಡು ಟೋಕನ್, ಒಂದು ರಿಜಿಸ್ಟರು. ಮೇಲ್ಪಂಕ್ತಿ ಹಾಕಿಕೊಡಲೆಂದು ಸಾಹೇಬರೂ ನಾನೂ ನಮ್ಮ ಫೋನುಗಳನ್ನು ಒಳಗೆ ಹಾಕಿದೆವು.

ಬೆಳಿಗ್ಗೆ ಹೊರಡುವಾಗ ಮನೆಯಾಕೆಗೆ ಹೇಳಿದೆ. "ನಿಮ್ಗೊಂದು ಬೀಗದಕೈ ಕೊಟ್ಬಿಟ್ರೆ ಸಾಕು, ಊಟಾನೂ ಬೇಡ ನಿದ್ದೇನೂ ಬೇಡ" ಅಂದಳು.

ಜೂನ್ ೫, ಬುಧವಾರ

ಸೀಲಣ್ಣನ ಫೋನು ಸಂಜೆ ಕೈಗೆ ಬಂದಾಗ ಸತ್ತಿತ್ತಂತೆ. "ಕೊಟ್ಟಾಗ ಜೀವ ಇತ್ತು ಸಾರ್, ನೀವು ಒಳಗಿಟ್ಟು ಸಾಯಿಸಿದೀರಿ" ಎಂದು ಲಿಖಿತ ದೂರು ಕೊಟ್ಟಿದ್ದಾನೆ.

ಸೀಲಣ್ಣ ನಮ್ಮ ಆವಕ ವಿಭಾಗದ ಗುಮಾಸ್ತ. ಕಚೇರಿಗೆ ಬರುವ ಕಾಗದಕ್ಕೆಲ್ಲ ಸೀಲು ಒತ್ತಿ ನಂಬರು ಕೊಡುವವನು. ಇ-ಮೇಲನ್ನೂ ಬಿಡುವುದಿಲ್ಲ. ಪ್ರಿಂಟು ತೆಗೆದು, ಸೀಲು ಒತ್ತಿ, ನಂಬರು ಹಾಕಿ, ಸಾಹೇಬರಿಗೆ ಕಳುಹಿಸಿ, ಆಮೇಲೆ ಕಂಪ್ಯೂಟರಿನಿಂದ ಅಳಿಸಿಹಾಕುತ್ತಾನೆ. "ಇಲ್ದಿದ್ರೆ ತುಂಬ್ಕೊಂಡು ಭಾರ ಆಗುತ್ತೆ" ಎನ್ನುತ್ತಾನೆ. ಪ್ರಿಂಟಾಗದ ಇ-ಮೇಲು ನಮ್ಮಲ್ಲಿ ಬಂದಿಲ್ಲವೆಂದೇ ಅರ್ಥ. ಈ ಶಿಸ್ತು ಕಲಿಸಿದವನು ನಾನು.

ದೂರಿನ ಮೇಲೆ ಆದೇಶ ಹೊರಡಿಸಿದೆ: ಎಲ್ಲ ಫೋನುಗಳನ್ನೂ ಚಾಲು ಸ್ಥಿತಿಯಲ್ಲಿ, ಸದ್ದನ್ನು ಪೂರ್ತಿ ಏರಿಸಿ ಒಪ್ಪಿಸತಕ್ಕದ್ದು, ಸಂಜೆ ಒಂದು ಸಲ ಬಾರಿಸಿ ತೋರಿಸಿ ಸಹಿ ಪಡೆಯುವುದು. ಕಬ್ಬಿಣದ ಕಪಾಟಿನೊಳಗೆ ಹೇಗೂ ಸಿಗ್ನಲ್ ಹೊಗುವುದಿಲ್ಲ, ಗಲಾಟೆಯ ಭಯವಿಲ್ಲ.

ಜೂನ್ ೧೧, ಮಂಗಳವಾರ

ವೈಫೈ ಬಂತು. ಕರಿ ಡಬ್ಬಿ, ಅದಕ್ಕೆ ಮೂರು ಕೊಂಬು. ಅಳವಡಿಸಲು ಬಂದವನು ಹನ್ನೆರಡು ಫೋನಿಗೂ ಪಾಸ್‌ವರ್ಡ್ ಹಾಕಿಕೊಟ್ಟು, "ಎತ್ತರದಲ್ಲಿ, ಎಲ್ರಿಗೂ ಕಾಣೋ ಕಡೆ ಇಡಿ ಸಾರ್" ಎಂದು ಹೇಳಿ ಹೋದ. ಎಲ್ಲರಿಗೂ ಕಾಣುವ ಕಡೆ ಇಟ್ಟರೆ ಎಲ್ಲರ ಕಣ್ಣೂ ಬೀಳುತ್ತದೆ. ಡಬ್ಬಿ ಆಸ್ತಿ ರಿಜಿಸ್ಟರಿಗೆ ಏರಿದೆ; ಕಳುವಾದರೆ ಹೊಣೆ ಯಾರು? ಸಾಹೇಬರೂ ನಾನೂ ಕೂತು ಯೋಚಿಸಿ ಅದನ್ನೂ ಎರಡು ಬೀಗದ ಕಪಾಟಿನೊಳಗೇ ಇಟ್ಟೆವು. ತಂತಿ ಹೋಗಲು ಹಿಂಬದಿಗೆ ತೂತು ಕೊರೆಸಿದ್ದಾಯಿತು.

ಈಗ ಕಪಾಟಿನ ಹೊರಗೆ ವೈಫೈ ಇಲ್ಲ. ಒಳಗೆ ಭರ್ತಿ ಇದೆ. ಇಡೀ ಕಚೇರಿಯಲ್ಲಿ ಅದು ಸಿಗುವುದು ಯಾರೂ ಮುಟ್ಟಲಾಗದ ಹನ್ನೆರಡು ಫೋನುಗಳಿಗೆ ಮಾತ್ರ. ಆದರೂ ವೈಫೈಯನ್ನು ದುರ್ಬಳಕೆ ಮಾಡುವುದಿಲ್ಲವೆಂದು ಎಲ್ಲರಿಂದ ಮುಚ್ಚಳಿಕೆ ಬರೆಸಿಕೊಂಡೆ. ದುರ್ಬಳಕೆ ಇಷ್ಟು ಕಡಿಮೆ ಇರುವ ಕಚೇರಿ ಇನ್ನೊಂದಿರಲಾರದು.

ಜೂನ್ ೧೨, ಬುಧವಾರ

ಕಪಾಟು ಮಾತಾಡತೊಡಗಿದೆ.

ವೈಫೈ ಇದ್ದರೆ ಸಿಗ್ನಲ್ ಇಲ್ಲದೆಯೂ ಕರೆ ಬರುತ್ತದಂತೆ. ಬಂದಿದ್ದ ಮಹಾನುಭಾವ ಇದನ್ನು ಹೇಳದೆ ಹೋದ. ಹತ್ತೂವರೆಗೆ ಒಳಗಿನಿಂದ ಕೋಳಿ ಕೂಗಿತು. ಆಮೇಲೆ ರೈಲು ಬಂತು. ಒಂದು ಮಗು ನಕ್ಕಿತು. ಹನ್ನೊಂದಕ್ಕೆ ಹೆಂಗಸೊಬ್ಬಳು, "ಏ ಪುಟ್ಟೀ, ಎತ್ತೇ! ಎಷ್ಟೊತ್ತು ಕೂಗ್ಲಿ, ಎತ್ತೇ!" ಎಂದು ಕಿರುಚಿದಳು. ಪ್ರಮಾಣಪತ್ರಕ್ಕೆಂದು ಬಂದು ಕೂತಿದ್ದ ಹಿರಿಯರೊಬ್ಬರು ಗಾಬರಿಯಿಂದ ಎದ್ದು, "ಯಾರನ್ನೋ ಒಳಗೆ ಹಾಕಿ ಬೀಗ ಜಡಿದಿದೀರಲ್ಲಪ್ಪಾ!" ಅಂದರು.

ವಿಚಾರಿಸಲಾಗಿ ಅದು ಗುತ್ತಿಗೆಯ ಮೇಲಿರುವ ಟೈಪಿಸ್ಟಿನ ಫೋನು. ಟೋಕನ್ ಏಳು. ಅಮ್ಮನ ದನಿಯನ್ನೇ ರಿಂಗ್‌ಟೋನ್ ಮಾಡಿಕೊಂಡಿದ್ದಾಳೆ. ಯಾರು ಕರೆದರೂ ಅಮ್ಮನೇ ಕೂಗುತ್ತಾಳೆ. ಸದ್ದು ತಗ್ಗಿಸಲು ಹೇಳೋಣವೆಂದರೆ, ಪೂರ್ತಿ ಏರಿಸಬೇಕೆಂಬ ಆದೇಶ ನನ್ನದೇ. ಹೊರಡಿಸಿ ವಾರವಷ್ಟೇ ಆಗಿದೆ. ಇಷ್ಟು ಬೇಗ ತಿದ್ದಿದರೆ ಆದೇಶದ ಮರ್ಯಾದೆ ಏನಾದೀತು?

ಜೂನ್ ೧೪, ಶುಕ್ರವಾರ

ಟೈಪಿಸ್ಟ್ ಬಂದು ಮೇಜಿನ ಮುಂದೆ ನಿಂತಳು. ಅವಳ ಅಮ್ಮ ಬಟ್ಟೆ ಹೊಲಿದು ಮಗಳನ್ನು ಓದಿಸಿದವರಂತೆ. ಈಗ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದರ ಮೇಲೆ ಬಿಳಿ ಪೊರೆ ಕಟ್ಟಿದ ಹಾಗಾಗಿದೆ. ಯಾರಾದರೂ ದಾನ ಮಾಡಿದ ಕಣ್ಣು ಸಿಕ್ಕರೆ ನೋಟ ಬರುತ್ತದಂತೆ. ಎರಡು ವರ್ಷ ಕಾದು ಈಗ ಪಟ್ಟಿಯ ಮೊದಲ ಸಾಲಿಗೆ ಬಂದಿದ್ದಾರೆ.

"ಕಣ್ಣು ಬಂದ್ರೆ ಆಸ್ಪತ್ರೆಯವ್ರು ನನ್ನ ಫೋನಿಗೆ ಮಾಡ್ತಾರೆ ಸಾರ್. ಅರ್ಧ ಗಂಟೇಲಿ ಮೂರು ಸಲ. ಎತ್ಲಿಲ್ಲ ಅಂದ್ರೆ ಮುಂದಿನವ್ರಿಗೆ ಹೋಗ್ಬಿಡುತ್ತೆ."

ಕಚೇರಿಯ ಟೆಲಿಫೋನ್ ನಂಬರು ಕೊಡೋಣವೆಂದರೆ, ಎಲ್ಲರ ಹತ್ತಿರವೂ ಮೊಬೈಲ್ ಇರುವುದರಿಂದ ಅನಗತ್ಯವೆಂದು ಹೋದ ವರ್ಷ ಅದನ್ನು ಕಿತ್ತುಹಾಕಿದ್ದೇವೆ. ಫೋನು ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದರೆ ಮೆಮೊ. ಗುತ್ತಿಗೆಯವರಿಗೆ ಒಂದು ಮೆಮೊ ಬಂದರೆ ಮುಂದಿನ ವರ್ಷ ಕೆಲಸವಿಲ್ಲ. ಕೊನೆಗೆ ಕಚೇರಿಯ ಇ-ಮೇಲ್ ವಿಳಾಸವನ್ನೂ ಆಸ್ಪತ್ರೆಗೆ ಕೊಟ್ಟಿರು ಎಂದೆ.

"ಇ-ಮೇಲು ಅಂದ್ರೆ ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಬರುತ್ತಮ್ಮ."

ಅವಳ ಮುಖ ಅರಳಿತು. ನಿಯಮವನ್ನೂ ಮುರಿಯದೆ ಉಪಕಾರವನ್ನೂ ಮಾಡಿದ ಖುಷಿಗೆ ಎರಡು ಲೋಟ ಟೀ ಕುಡಿದೆ.

ಜೂನ್ ೧೮, ಮಂಗಳವಾರ

ಟೋಕನ್ ಏಳು ೧೧.೧೦, ೧೧.೨೫ ಮತ್ತು ೧೧.೪೦ಕ್ಕೆ ಕೂಗಿತು. ಟೈಪಿಸ್ಟ್ ಪಕ್ಕದ ಕಟ್ಟಡಕ್ಕೆ ತರಬೇತಿಗೆ ಹೋಗಿದ್ದಳು. ವಿಷಯ, ಇ-ಮೇಲಿನ ಪರಿಣಾಮಕಾರಿ ಬಳಕೆ. ತುರ್ತಾಗಿದ್ದರೆ ಇ-ಮೇಲು ಬರುತ್ತಿತ್ತು, ಸೀಲಣ್ಣ ಏನನ್ನೂ ತಂದುಕೊಟ್ಟಿಲ್ಲ. ರಿಜಿಸ್ಟರಿನಲ್ಲಿ ಮೂರು ಕರೆಯನ್ನೂ ನಮೂದಿಸಿದೆ. ಷರಾ: ಕ್ರಮ ಅಗತ್ಯವಿಲ್ಲ.

ಸಂಜೆ ಸೇರಿಸಿದ್ದು: ಫೋನು ಪಡೆದ ಟೈಪಿಸ್ಟ್ ಬಾಗಿಲಲ್ಲೇ ನಿಂತು ಯಾರೊಡನೆಯೋ ಮಾತಾಡಿದಳು. ಆಮೇಲೆ ಬಹಳ ಹೊತ್ತು ಗೋಡೆಗೆ ಒರಗಿ ನಿಂತಿದ್ದಳು. ಬೆನ್ನು ಈ ಕಡೆಗಿತ್ತು.

ಜೂನ್ ೨೧, ಶುಕ್ರವಾರ

ಆಸ್ಪತ್ರೆಯ ಇ-ಮೇಲು ಇವತ್ತು ಟೈಪಿಸ್ಟಿನ ಕೈ ಸೇರಿತು. ಬಂದದ್ದು ಮಂಗಳವಾರ ೧೧.೪೫ಕ್ಕೆ. ಪ್ರಿಂಟರಿನಲ್ಲಿ ಇಂಕಿಲ್ಲದೆ ಬುಧವಾರ ಪ್ರಿಂಟಾಯಿತು. ಆವಕ ಸಂಖ್ಯೆ ೨೩೪೧. ಗುರುವಾರ ಸಾಹೇಬರು 'ಮಾತನಾಡಿ' ಎಂದು ಬರೆದು ನನಗೆ ಕಳುಹಿಸಿದರು. ನಾನು 'ನಿಯಮಾನುಸಾರ ಕ್ರಮವಹಿಸಿ ಏಳು ದಿನದಲ್ಲಿ ವರದಿ ಮಾಡಿ' ಎಂದು ಬರೆದು ಕೆಳಗೆ ಇಳಿಸಿದೆ. 'ಕಣ್ಣು ಲಭ್ಯವಿದೆ, ತಾಯಿಯನ್ನು ಇಂದು ಎರಡು ಗಂಟೆಯೊಳಗೆ ಕರೆತನ್ನಿ' ಎಂಬ ಸಾಲಿನ ಮೇಲೇ ನನ್ನ ಸಹಿ ಬಿದ್ದಿದೆ. ಓದಿರಲಿಲ್ಲ. ದಿನಕ್ಕೆ ಅರವತ್ತು ಕಾಗದ ಬರುತ್ತವೆ, ಓದುತ್ತ ಕೂತರೆ ಸಹಿ ಹಾಕುವುದು ಯಾವಾಗ?

ಟೈಪಿಸ್ಟ್ ಅತ್ತು ರಂಪ ಮಾಡುತ್ತಾಳೆಂದು ಅಂಜಿದ್ದೆ. ಹತ್ತು ನಿಮಿಷದಲ್ಲಿ ವರದಿ ಟೈಪ್ ಮಾಡಿ ತಂದಿಟ್ಟಳು. 'ಮೇಲ್ಕಂಡ ಕಣ್ಣು ಪಟ್ಟಿಯಲ್ಲಿನ ಮುಂದಿನವರಿಗೆ ಸಂದಾಯವಾಗಿರುವುದರಿಂದ ವಿಷಯವನ್ನು ಮುಕ್ತಾಯಗೊಳಿಸಬಹುದಾಗಿದೆ.' ಒಂದು ತಪ್ಪೂ ಇಲ್ಲ. ಮಾರ್ಜಿನ್ ಕೂಡ ಅಚ್ಚುಕಟ್ಟಾಗಿ ಬಿಟ್ಟಿದ್ದಾಳೆ.

"ಇನ್ನೊಂದು ಬರುತ್ತಮ್ಮ" ಅಂದೆ.

"ಬರ್ಬೋದು ಸಾರ್. ಅಮ್ಮ ಏನೂ ಬೇಜಾರು ಮಾಡ್ಕೊಳ್ಲಿಲ್ಲ. ಆ ಇನ್ನೊಬ್ರಿಗಾದ್ರೂ ಕಾಣ್ಲಿ ಬಿಡು ಅಂದ್ಳು."

ಫೈಲಿನ ಮೇಲೆ 'ಮುಕ್ತಾಯ' ಎಂದು ಬರೆದು ದಾಖಲೆ ಕೋಣೆಗೆ ಕಳುಹಿಸಿದೆ. ಪೆನ್ನು ಎರಡು ಸಲ ಕೈಕೊಟ್ಟಿತು.

ಜೂನ್ ೨೪, ಸೋಮವಾರ

ತಲೆನೋವು. ಅರವತ್ತು ಕಾಗದ ಬಂದವು, ಹದಿನೇಳು ಮುಗಿದವು. ಕನ್ನಡಕದ ಪವರ್ ಬದಲಾಗಿರಬೇಕು, ಒಂದೊಂದಕ್ಕೂ ಬಹಳ ಹೊತ್ತು ಹಿಡಿಯುತ್ತಿದೆ.

ಜುಲೈ ೧, ಸೋಮವಾರ

ಹೋದ ಬುಧವಾರ ಟೋಕನ್ ಏಳಕ್ಕೆ ವಿನಾಯಿತಿ ಕೋರಿ ಮೇಲಿನ ಕಚೇರಿಗೆ ಎರಡು ಪುಟ ಬರೆದಿದ್ದೆ. ಬೇರೆಯವರ ಅರ್ಜಿಗೆ ಶಿಫಾರಸು ಬರೆದು ಅಭ್ಯಾಸವಿಲ್ಲ, ಮೂರು ಸಲ ತಿದ್ದಿದೆ. ಇವತ್ತು ಉತ್ತರ ಬಂತು. ಸೀಲಣ್ಣ ಪ್ರಿಂಟನ್ನು ಐದೇ ನಿಮಿಷದಲ್ಲಿ ಓಡಿಬಂದು ಕೊಟ್ಟ. ಈಗೀಗ ಅವನೂ ಸೀಲು ಒತ್ತುವ ಮೊದಲು ಓದುತ್ತಾನೆ.

'ವಿನಾಯಿತಿಯನ್ನು ನಿಗದಿತ ನಮೂನೆಯಲ್ಲಿ ಕೋರತಕ್ಕದ್ದು. ಸದರಿ ನಮೂನೆಯನ್ನು ಇನ್ನೂ ನಿಗದಿಪಡಿಸಿರುವುದಿಲ್ಲ.'

"ಇದನ್ನ ಬರೆದೋನು ನಿಮ್ಮ ಶಿಷ್ಯನೇ ಇರ್ಬೇಕು ಸಾರ್" ಅಂದ ಸೀಲಣ್ಣ. ಮೊದಲಾಗಿದ್ದರೆ ಹೊಗಳಿಕೆ ಎಂದುಕೊಳ್ಳುತ್ತಿದ್ದೆ.

ಜುಲೈ ೨, ಮಂಗಳವಾರ

ಕುರ್ಚಿಯನ್ನು ಕಪಾಟಿನ ಪಕ್ಕಕ್ಕೆ ಹಾಕಿಸಿಕೊಂಡೆ. ಕಾರಣ: ಭದ್ರತೆ. ಬೆಳಿಗ್ಗೆ ಫೋನು ಜೋಡಿಸುವಾಗ ಟೋಕನ್ ಏಳನ್ನು ಮುಂದಿನ ಸಾಲಿನಲ್ಲಿ, ಬಾಗಿಲ ಬಳಿಯೇ ಇಡುತ್ತಿದ್ದೇನೆ. ಕಾರಣ: ಆಡಳಿತಾತ್ಮಕ ಅನುಕೂಲ.

ಇಲ್ಲಿ ಕೂತರೆ ಎಲ್ಲ ತಿಳಿಯುತ್ತದೆ. ಕೋಳಿ ಎಂದರೆ ಜವಾನನ ತಮ್ಮ. ದಿನಾ ಹತ್ತೂವರೆಗೆ ತಪ್ಪದೆ ವಿಚಾರಿಸಿಕೊಳ್ಳುತ್ತಾನೆ. ಮಗು ನಕ್ಕರೆ ಸೀಲಣ್ಣನ ಮೊಮ್ಮಗಳು. ಗಂಟೆಯ ಸದ್ದು ನನ್ನದು. ಹನ್ನೆರಡಕ್ಕೆ ಒಂದೇ ಸಲ ಹೊಡೆದು ನಿಲ್ಲುತ್ತದೆ. ಮನೆಯಾಕೆ. ಇಷ್ಟು ವರ್ಷ ದಿನಾ ಆ ಹೊತ್ತಿಗೆ ಮಾಡುತ್ತಿದ್ದಳೆಂದು ಫೋನು ಕೈಯಲ್ಲಿದ್ದಾಗ ಗಮನಿಸಿಯೇ ಇರಲಿಲ್ಲ.

ಬೆಳಿಗ್ಗೆ ಸ್ನಾನದ ಮನೆಯಲ್ಲಿ "ಏ ಪುಟ್ಟೀ, ಎತ್ತೇ" ಎಂದು ಗುನುಗುತ್ತಿದ್ದೆನಂತೆ. "ಯಾರ್ರೀ ಅದು ಪುಟ್ಟಿ? ಈ ವಯಸ್ಸಲ್ಲಿ!" ಎಂದು ಹೊರಗಿನಿಂದ ಬಾಗಿಲು ಬಡಿದಳು. ಟವೆಲು ಸುತ್ತಿಕೊಂಡೇ ಇಡೀ ಸುತ್ತೋಲೆ ವಿವರಿಸಬೇಕಾಯಿತು.

ಜುಲೈ ೯, ಮಂಗಳವಾರ

ಹತ್ತಕ್ಕೆ ಕಪಾಟು ಮುಚ್ಚಿ, ಹತ್ತೂವರೆಗೆ ಸಾಹೇಬರು ಮೇಲಿನ ಕಚೇರಿಯ ಕಾರ್ಯಾಗಾರಕ್ಕೆ ಹೊರಟರು. ವಿಷಯ: ತ್ವರಿತ ಸಂವಹನ. ಅವರ ಬೀಗದಕೈ ಅವರ ಜೇಬಿನಲ್ಲಿ. ಅವರ ಫೋನು ಕಪಾಟಿನಲ್ಲಿ.

೧೧.೦೫. "ಏ ಪುಟ್ಟೀ, ಎತ್ತೇ!"

ಟೈಪ್ ಮಾಡುವ ಸದ್ದು ನಿಂತಿತು. ಅವಳು ಎದ್ದು ಬಂದು ಕಪಾಟಿನ ಬಾಗಿಲಿಗೆ ಅಂಗೈ ಒತ್ತಿ ನಿಂತಳು. "ಅಮ್ಮ ಅಲ್ಲ ಸಾರ್. ಆಫೀಸ್ ಹೊತ್ತಲ್ಲಿ ಮಾಡ್ಬೇಡ ಅಂತ ಹೇಳಿದೀನಿ."

ನನ್ನ ಬೀಗ ತೆಗೆದೆ. ಸಾಹೇಬರದು ಹಾಗೇ ಇತ್ತು. ಆಸ್ಪತ್ರೆಯ ನಂಬರು ಅವಳ ಫೋನಿನೊಳಗಿದೆ. ಹಳೆಯ ಇ-ಮೇಲಿನಲ್ಲಿತ್ತು, ಅದನ್ನು ಅಳಿಸಿಯಾಗಿದೆ. ಪ್ರಿಂಟು ದಾಖಲೆ ಕೋಣೆಯಲ್ಲಿದೆ. ಸೀಲಣ್ಣನನ್ನು ಅಲ್ಲಿಗೆ ಓಡಿಸುವ ಮೊದಲು ಅವನ ಕಂಪ್ಯೂಟರಿನಿಂದ ಸಾಹೇಬರಿಗೆ ಇ-ಮೇಲ್ ಕಳುಹಿಸಿದೆವು: 'ತುರ್ತು. ಕಪಾಟು ತೆಗೆಯಲು ಅನುಮತಿ ಕೊಡಿ.' ಒಂದೇ ನಿಮಿಷದಲ್ಲಿ ಉತ್ತರ ಬಂತು. ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

'ನಾನು ಕಾರ್ಯಾಗಾರದಲ್ಲಿದ್ದೇನೆ. ಇದು ಸ್ವಯಂಚಾಲಿತ ಉತ್ತರ. ತುರ್ತು ವಿಷಯಗಳಿಗೆ ನಮ್ಮ ಕಚೇರಿಯ ಸೂಪರಿಂಟೆಂಡೆಂಟರನ್ನು ಸಂಪರ್ಕಿಸಿ.'

ಕೈ ಅಭ್ಯಾಸ, ಸೀಲಣ್ಣ ಪ್ರಿಂಟು ತೆಗೆದು ಸೀಲು ಒತ್ತಿ ನನ್ನ ಕೈಗಿಟ್ಟ. "ನಿಮ್ಗೇ ಬಂದಿದೆ ಸಾರ್." ಆಮೇಲೆ ದಾಖಲೆ ಕೋಣೆಗೆ ಓಡಿದ.

೧೧.೨೦. ಎರಡನೆಯ ಸಲ ಕೂಗಿತು. ಸೀಲಣ್ಣ ಮೈತುಂಬ ಧೂಳು ಮಾಡಿಕೊಂಡು ಬರಿಗೈಲಿ ಬಂದ. ಅವಳು ನನ್ನನ್ನು ಬೇಡಲಿಲ್ಲ. "ಸಾರ್" ಎಂದು ಒಂದು ಸಲ ಅಂದಳು, ಅಷ್ಟೇ.

ಸೂಪರಿಂಟೆಂಡೆಂಟರನ್ನು ಸಂಪರ್ಕಿಸಿದೆ. ಏನು ಮಾಡೋಣ ಎಂದು ಕೇಳಿದೆ. ಮೂವತ್ತನಾಲ್ಕು ವರ್ಷದಲ್ಲಿ ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಫೈಲಿಗೆ ತೂತು ಹೊಡೆಯುವ ಹಳೆಯ ಕಬ್ಬಿಣದ ಯಂತ್ರ ಮೇಜಿನ ಮೇಲಿತ್ತು. ಎತ್ತಿ ಬೀಗಕ್ಕೆ ಹೊಡೆದೆ. ಮೊದಲ ಏಟು ನನ್ನ ಹೆಬ್ಬೆರಳಿಗೇ ಬಿತ್ತು. ಆಮೇಲೆ ಎಷ್ಟು ಹೊಡೆದೆನೋ ಎಣಿಸಲಿಲ್ಲ. ಹೊರಗೆ ಸಾಲಿನಲ್ಲಿ ನಿಂತಿದ್ದವರೆಲ್ಲ ಕಿಟಕಿಗೆ ಮುಖ ಅಂಟಿಸಿ ನೋಡುತ್ತಿದ್ದರು. ಬೀಗ ಕಳಚಿ ಬೀಳುವುದಕ್ಕೂ ಮೂರನೆಯ ಸಲ ಅಮ್ಮ ಕೂಗುವುದಕ್ಕೂ ಸರಿಹೋಯಿತು.

"ನೀವೇ ಎತ್ತಿ ಸಾರ್, ನನ್ ಕೈಲಿ ಆಗ್ತಿಲ್ಲ" ಅಂದಳು.

ಎತ್ತಿದೆ. ಆ ಕಡೆಯ ಹೆಣ್ಣುಮಗಳು ತಾವು ಯಾರೆಂದು ಕೇಳಿದರು. ಹುದ್ದೆ ಹೇಳಲು ಬಾಯಿ ತೆಗೆದೆ. "ಪುಟ್ಟಿ ಕಡೆಯವ್ರಮ್ಮ. ಈಗಲೇ ಹೊರಟ್ವಿ" ಎಂಬ ಮಾತು ಬಂತು.

ಜುಲೈ ೧೦, ಬುಧವಾರ

ಸಾಹೇಬರು ಮುರಿದ ಬೀಗವನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. "ಏನ್ರೀ ಇದು! ನಿಮ್ಮಿಂದ ಒಂದು ಗುಂಡುಸೂಜಿ ಕಳೆದಿಲ್ಲ ಇಷ್ಟು ವರ್ಷ. ನಂಗೇನೂ ಇಲ್ಲ ಕಣ್ರೀ, ಆದ್ರೆ ಕಪಾಟು ಸರ್ಕಾರದ್ದು."

ಸುತ್ತೋಲೆಯ ಪ್ರಕಾರ ತಪ್ಪು ಮಾಡಿದವರಿಗೆ ನೋಟಿಸು ಕೊಡಬೇಕಾದವರು ನೋಡಲ್ ಅಧಿಕಾರಿ. ಕೊಟ್ಟೆ. ನಮ್ಮವನೇ ಎಂದು ಮೆದುಮಾಡಲಿಲ್ಲ, ಖಡಕ್ಕಾಗಿಯೇ ಬರೆದೆ. ಇ-ಮೇಲಿನಲ್ಲಿ ಕಳುಹಿಸಿದೆ, ಸೀಲಣ್ಣ ಪ್ರಿಂಟು ತೆಗೆದ, ಸಾಹೇಬರು 'ಮಾತನಾಡಿ' ಎಂದು ಬರೆದರು. ನಾನು ನನ್ನೊಡನೆ ಮಾತನಾಡಿ, ಸ್ವೀಕೃತಿಗೆ ಸಹಿ ಹಾಕಿದೆ. ಐದು ದಿನದ ಗಡುವು.

ಆಪರೇಷನ್ ನಿನ್ನೆ ಸಂಜೆಯೇ ಆಯಿತಂತೆ.

ಜುಲೈ ೧೫, ಸೋಮವಾರ

ಸಮಜಾಯಿಷಿ ಮೂರು ಪುಟವಾಗಿತ್ತು. ಸ್ವಯಂಚಾಲಿತ ಉತ್ತರದ ಬಲದಿಂದ ಅಧಿಕಾರ ನನಗೆ ಹಸ್ತಾಂತರವಾಗಿತ್ತು ಎಂದು ಉಪನಿಯಮಗಳ ಸಮೇತ ವಾದಿಸಿದ್ದೆ. ಯಾರೂ ಮುರಿಯಲಾಗದ ವಾದ. ಮನೆಯಾಕೆಗೆ ಓದಿ ಹೇಳಿದೆ.

"ಇದ್ರಲ್ಲಿ ಆ ಹುಡುಗಿ ಎಲ್ಲಿದಾಳೆ?" ಅಂದಳು.

ಹುಡುಕಿದೆ. ಮೂರು ಪುಟದಲ್ಲಿ ಎಲ್ಲೂ ಇರಲಿಲ್ಲ. ಹರಿದು ಹಾಕಿ, ಹೊಸ ಹಾಳೆಯಲ್ಲಿ ಬರೆದು ಕೊಟ್ಟೆ: 'ಪುಟ್ಟಿಗೆ ಫೋನ್ ಬಂತು. ಎತ್ತಿದೆ.'

ಆಗಸ್ಟ್ ೨, ಶುಕ್ರವಾರ

ಮೇಲಿನ ಕಚೇರಿಯಿಂದ ಎರಡು ಇ-ಮೇಲು. ಸೀಲಣ್ಣ ಒಂದನ್ನು ಮಾತ್ರ ತಂದಿಟ್ಟ. ಸೋಮವಾರದಿಂದ ಹಾಜರಾತಿ ಮೊಬೈಲಿನ ಆ್ಯಪ್‌ನಲ್ಲಿ. ಸಿಬ್ಬಂದಿ ಕೆಲಸದ ವೇಳೆಯಿಡೀ ಫೋನನ್ನು ಕೈಯಲ್ಲೇ ಇಟ್ಟುಕೊಳ್ಳತಕ್ಕದ್ದು, ತಪ್ಪಿದಲ್ಲಿ ಶಿಸ್ತು ಕ್ರಮ. ಆವಕ ಸಂಖ್ಯೆ ೪೨೬೧.

"೪೨೬೦ ಎಲ್ಲಿ?" ಎಂದೆ.

"ಪ್ರಿಂಟರಲ್ಲಿ ಇಂಕಿಲ್ಲ ಸಾರ್" ಎಂದು ನೆಲ ನೋಡಿದ. ೪೨೬೧ರ ಇಂಕು ಇನ್ನೂ ಆರಿರಲಿಲ್ಲ. "ಪ್ರಿಂಟೇ ಆಗ್ದಿದ್ರೆ ಬಂದೇ ಇಲ್ಲ ಅಂತ ಅಲ್ವಾ ಸಾರ್? ನೀವೇ ಕಲಿಸಿದ್ದು. ಅಳಿಸ್ಬಿಡ್ಲಾ?"

೪೨೬೦ ಏನೆಂದು ಆಗ ಹೊಳೆಯಿತು: ಬೀಗ ಒಡೆದು ಕಪಾಟಿನಿಂದ ಫೋನು ತೆಗೆದದ್ದಕ್ಕೆ ನನಗೆ ಬಂದ ಎಚ್ಚರಿಕೆ ಪತ್ರ. ಸೀಲಣ್ಣ ನನಗಾಗಿ ನಿಯಮ ಮುರಿಯುತ್ತಾನೆಂದು ಕನಸಿನಲ್ಲೂ ಎಣಿಸಿರಲಿಲ್ಲ.

"ಪ್ರಿಂಟ್ ತೆಗಿಯೋ," ಅಂದೆ. "ಒಳ್ಳೇ ಕಾಗದದ ಮೇಲೆ ತೆಗಿ."

ಆಗಸ್ಟ್ ೫, ಸೋಮವಾರ

ಪುಟ್ಟಿ ಅಮ್ಮನನ್ನು ಕರೆದುಕೊಂಡು ಬಂದಿದ್ದಳು. ಕಪ್ಪು ಕನ್ನಡಕ, ಒಂದು ಕೈ ಮಗಳ ಭುಜದ ಮೇಲೆ. ನಾನು ಸೇವಾ ಪುಸ್ತಕ ಬಿಚ್ಚಿ, ಎಚ್ಚರಿಕೆ ಪತ್ರದ ಬೆನ್ನಿಗೆ ಗೋಂದು ಹಚ್ಚಲು ಕೂತಿದ್ದೆ. ಅವರು ಬಾಯಿ ತೆರೆದ ಕೂಡಲೇ ಕಚೇರಿಯಲ್ಲಿ ಎಲ್ಲರೂ ತಲೆ ಎತ್ತಿದರು. ಆ ದನಿಯನ್ನು ಅರಿಯದವರು ಇಲ್ಲಿ ಯಾರಿದ್ದಾರೆ?

"ಬೀಗ ಒಡೆದೋರು ಯಾರೇ, ಇವ್ರೇನಾ?" ಎಂದು ನನ್ನ ಮುಖದ ಹತ್ತಿರಕ್ಕೆ ಬಗ್ಗಿ, ಕನ್ನಡಕ ಮೇಲೆತ್ತಿ ನೋಡಿದರು. "ಮೀಸೆ ಇದೆ" ಅಂದರು. ಅಷ್ಟು ಕಾಣುತ್ತದಂತೆ, ದಪ್ಪ ಅಕ್ಷರವೂ ಒಂದೊಂದು ಹತ್ತುತ್ತದಂತೆ. ತೋರಿಸಲೆಂದೇ ಮೇಜಿನ ಮೇಲಿದ್ದ ಹಾಳೆಯನ್ನು ಎತ್ತಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದುಕೊಂಡರು. ಪುಟ್ಟಿ ತಡೆಯಲು ಹೋದಳು. ಬೇಡ ಎಂದು ಕೈಸನ್ನೆ ಮಾಡಿದೆ.

ಬಹಳ ಹೊತ್ತು ಹಿಡಿಯಿತು. "ಪ... ತ್ರ. ಪತ್ರ! ಅದ್ರ ಹಿಂದಿನ ಪದ ಮಸುಕು." ಹಾಳೆ ಕೆಳಗಿಳಿಸಿ ಕೇಳಿದರು, "ಇಷ್ಟು ದಪ್ಪ ಅಕ್ಷರದಲ್ಲಿ ಏನಪ್ಪಾ ಇದು? ನಿಂಗೆ ಕೊಟ್ಟಿರೋ ಸನ್ಮಾನ ಪತ್ರಾನಾ?"

ಸೀಲಣ್ಣ ನನ್ನ ಮುಖ ನೋಡಿದ.

"ಹೌದಮ್ಮ" ಅಂದೆ.

ಅವರು ಹೋದ ಮೇಲೆ ಅದನ್ನು ಸೇವಾ ಪುಸ್ತಕದ ಅರವತ್ತೊಂದನೆಯ ಪುಟಕ್ಕೆ, ಎಲ್ಲೂ ಸುಕ್ಕಾಗದ ಹಾಗೆ, ನಾಲ್ಕೂ ಮೂಲೆ ಒತ್ತಿ ಅಂಟಿಸಿದೆ.